ಕರ್ತನು ಕತನು ಆದಾಗ

ಕನ್ನಡದಲ್ಲಿ ಕ್ರೈಸ್ತ ಪುಸ್ತಕ ಪ್ರಕಟಿಸಲು ಹೊರಟ ನಮ್ಮ ಮೊದಲ ಪುಸ್ತಕದ ತಪ್ಪು ಹಿಡಿದವರು ಪಾದ್ರಿಯೂ ಅಲ್ಲ, ಪಂಡಿತರೂ ಅಲ್ಲ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಕೂತು ಫಾರಂ, ಅಂದರೆ ಹದಿನಾರು ಪುಟ ಅಚ್ಚಾದ ಹಾಳೆ, ಮಡಚುತ್ತಿದ್ದ ಬೈಂಡರ್ ಸಾಹೇಬರು. ‘ಏನ್ ಸಾರ್ ಇದು, ಪುಟದ ತುಂಬ ಕತನು ಕತನು ಅಂತಿದೆ. ಯಾರು ಸಾರ್ ಈ ಕತ?’ ಅಂತ ಫೋನ್ ಮಾಡಿದರು. ಸ್ಕೂಟರ್ ಹತ್ತಿ ಓಡಿದೆ. ಏಳನೇ ಫಾರಮ್ಮಿನ ಹದಿನಾರು ಪುಟಗಳಲ್ಲಿ ಒಂದೇ ಒಂದು ಅರ್ಕಾವೊತ್ತು ಉಳಿದಿರಲಿಲ್ಲ. ಕರ್ತನು, ಅಂದರೆ ನಮ್ಮ ದೇವರು, ಕತನಾಗಿದ್ದ; ಧರ್ಮ ಧಮವಾಗಿತ್ತು, ಸ್ವರ್ಗ ಸ್ವಗವಾಗಿತ್ತು.

ತಪ್ಪು ನನ್ನದೇ. ಕೊನೇ ಗಳಿಗೆಯಲ್ಲಿ ಆ ಒಂದು ಫಾರಂ ಮಾತ್ರ ತಿದ್ದಿ, ಹಳೆಯ ನುಡಿ ಫಾಂಟಿನ ಪಠ್ಯವನ್ನು ಇಮೇಲಿಗೇ ಅಂಟಿಸಿ ಪ್ರೆಸ್ಸಿಗೆ ಕಳಿಸಿದ್ದೆ. ಆ ಫಾಂಟಿನಲ್ಲಿ ನಮ್ಮ ಅರ್ಕಾವೊತ್ತು ಕೂತಿರುವುದು ಯುರೋಪಿನ ಯಾವುದೋ ಭಾಷೆಯ ವಿಶೇಷ ಅಕ್ಷರವೊಂದರ ಜಾಗದಲ್ಲಿ. ದಾರಿಯಲ್ಲಿ ಅದು ಉದುರಿಹೋಗಿತ್ತು. ಡೆಮಿ ಅಷ್ಟದಳ ಎಂಬ ಪುಸ್ತಕದ ಅಳತೆಯಲ್ಲಿ ಹದಿನಾರು ಪುಟಕ್ಕೆ ಒಂದು ಹಾಳೆ. ಸಾವಿರ ಪ್ರತಿಗೆ ಸಾವಿರ ಹಾಳೆ. ಎರಡು ರೀಮ್ ಕಾಗದ ರದ್ದಿಗೆ ಹೋಯಿತು. ಮುಖಪುಟಕ್ಕೆಂದು ಎತ್ತಿಟ್ಟಿದ್ದ ದುಡ್ಡು ಮರುಮುದ್ರಣಕ್ಕೆ ಸುರಿದು, ಬಣ್ಣದ ಮುಖಪುಟದ ಆಸೆ ಬಿಟ್ಟೆವು.

ಅಷ್ಟರ ಹೊತ್ತಿಗೆ ಮೈಸೂರಿನ ಒಂದು ಅಚ್ಚುಕೂಟದಲ್ಲಿ ನಾನು ಹದಿನಾಲ್ಕು ವರ್ಷ ಕರಡು ತಿದ್ದಿದ್ದವನು! ಕಾದಂಬರಿ, ಗೈಡು, ಮದುವೆ ಕಾಗದ, ಎಲ್ಲ ತಿದ್ದಿದ್ದೆ. ನನ್ನ ಸಭೆಯವರು, ಅಂದರೆ ನಮ್ಮ ಚರ್ಚಿನವರು, ಓದಬೇಕಾದ ಪುಸ್ತಕ ಮಾತ್ರ ನನ್ನ ಮೇಜಿಗೆ ಬರುತ್ತಲೇ ಇರಲಿಲ್ಲ. ನಮ್ಮ ಸಭಾಪಾಲಕರ ಕಪಾಟಿನಲ್ಲಿ ಬ್ಯಾನರ್ ಆಫ್ ಟ್ರೂತ್ ಟ್ರಸ್ಟಿನ ಇಂಗ್ಲಿಷ್ ಪುಸ್ತಕಗಳು ಸಾಲಾಗಿದ್ದವು. 1957ರಲ್ಲಿ ಲಂಡನ್ನಿನಲ್ಲಿ ಇಯಾನ್ ಮರ್ರೆ ಮತ್ತು ಜೊತೆಗಾರರು ಕಟ್ಟಿದ ಸಂಸ್ಥೆ ಅದು. ಜನ ಮರೆತಿದ್ದ, ಪ್ಯೂರಿಟನ್ ಎಂಬ ಹಳೆಯ ಇಂಗ್ಲಿಷ್ ಪ್ರೊಟೆಸ್ಟೆಂಟ್ ಪಂಥದ ಬೋಧಕರನ್ನು ಹುಡುಕಿ ತೆಗೆದು, ಗಟ್ಟಿ ಬೈಂಡಿನಲ್ಲಿ, ಕೈಗೆಟುಕುವ ಬೆಲೆಗೆ ಮತ್ತೆ ಅಚ್ಚು ಹಾಕಿದರು. ಹೊಸ ಲೇಖಕನಿಗಾಗಿ ಕಾಯುವುದು ಬೇಡ, ಹಳಬರನ್ನೇ ಎಬ್ಬಿಸಬಹುದು ಅನ್ನುವುದು ನನಗೆ ಹೊಳೆದದ್ದು ಆ ಕಪಾಟಿನ ಮುಂದೆ. ಮೂವರು ಸೇರಿದೆವು. ಆಫೀಸು ಅಂದರೆ ನಮ್ಮ ಮನೆಯ ಊಟದ ಮೇಜು.

ಲಂಡನ್ನಿನ ಬೋಧಕ ಸ್ಪರ್ಜನ್ನರ ಪ್ರಸಂಗಗಳಿಂದ, ಅಂದರೆ ಚರ್ಚಿನ ಉಪದೇಶಗಳಿಂದ, ಶುರು ಮಾಡಿದ್ದಕ್ಕೆ ಭಕ್ತಿ ಒಂದು ಕಾರಣ, ಕಾನೂನು ಇನ್ನೊಂದು. ಅವರು ತೀರಿಕೊಂಡದ್ದು 1892ರಲ್ಲಿ; ನಮ್ಮ ದೇಶದಲ್ಲಿ ಲೇಖಕ ಸತ್ತ ಮೇಲೆ 60 ವರ್ಷಕ್ಕೆ ಹಕ್ಕು ಮುಗಿಯುತ್ತದೆ. ಆದರೂ ಎಚ್ಚರ ಬೇಕು. ಈಗಿನವರು ಭಾಷೆ ಸರಳಗೊಳಿಸಿದ ಆವೃತ್ತಿಯನ್ನು ಎದುರಿಗಿಟ್ಟುಕೊಂಡು ಅನುವಾದಿಸಿದರೆ ಅದಕ್ಕೆ ಬೇರೆ ಹಕ್ಕಿರುತ್ತದೆ. ನಾವು ಹಳೆಯ ಮೂಲವನ್ನೇ ಹುಡುಕಿದೆವು. ಲಂಡನ್ ಬೀದಿಯ ಬದಲು ಸಯ್ಯಾಜಿರಾವ್ ರಸ್ತೆ ಅಂತ ಹಾಕಿದರೆ ಜನಕ್ಕೆ ಹತ್ತಿರ ಆಗುತ್ತದೆ ಎಂದು ನಮ್ಮಲ್ಲೊಬ್ಬರ ಹಟ. ನಾನು ಬಿಡಲಿಲ್ಲ. ಓದುವವನು ಅಷ್ಟು ದಡ್ಡನಲ್ಲ.

ಈ ಊರಿಗೆ ಇಂಥ ಕೆಲಸ ಹೊಸದೇನಲ್ಲ. ವೆಸ್ಲಿಯನ್ ಮಿಷನ್ನಿನವರು 1887ರಲ್ಲೇ ಮೈಸೂರಿನಿಂದ ‘ವೃತ್ತಾಂತ ಪತ್ರಿಕೆ’ ಎಂಬ ವಾರಪತ್ರಿಕೆ ತಂದವರು. ಅವರದೇ ಬೆಂಗಳೂರಿನ ಪ್ರೆಸ್ಸಿನಲ್ಲಿ 1849ರಲ್ಲಿ ಗ್ಯಾರೆಟ್ ಪಾದ್ರಿ ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಅಚ್ಚು ಹಾಕಿಸಿದರು ಅಂದರೆ ನಮ್ಮ ಸಭೆಯಲ್ಲಿ ಅರ್ಧ ಜನ ನಂಬುವುದಿಲ್ಲ. ಮಂಗಳೂರಿನ ಬಾಸೆಲ್ ಮಿಷನ್ನಿನವರಂತೂ 1841ರಲ್ಲಿ ಕಲ್ಲಚ್ಚು ಇಟ್ಟುಕೊಂಡು, ಎರಡೇ ವರ್ಷಕ್ಕೆ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಅದರ ಸಂಪಾದಕ ಮೋಗ್ಲಿಂಗ್ ದಾಸರ ಪದಗಳನ್ನೂ ಬಸವ ಪುರಾಣವನ್ನೂ ಅಚ್ಚಿಗೆ ತಂದರು. ಕಿಟ್ಟೆಲ್ ನಿಘಂಟು 1894ರಲ್ಲಿ ಹೊರಬಂದದ್ದೂ ಅಲ್ಲಿಂದಲೇ. ಅವರು ಬಂದದ್ದು ಸುವಾರ್ತೆ ಸಾರುವುದಕ್ಕೇ, ಅದನ್ನು ಮುಚ್ಚಿಟ್ಟು ಹೊಗಳುವುದು ನನಗೆ ಸರಿಬರುವುದಿಲ್ಲ. ಆದರೆ ಸಾರಬೇಕಾದ ಊರಿನ ಭಾಷೆಯನ್ನು ಬೇರಿನಿಂದ ಕಲಿತರು. ಇವತ್ತು ನಮ್ಮವರೇ ಇಂಗ್ಲಿಷಿನಿಂದ ಪದಕ್ಕೆ ಪದ ಇಳಿಸಿದ ಕರಪತ್ರಗಳನ್ನು ನೋಡಿದಾಗ, ಕಿಟ್ಟೆಲ್ಲರ ಎದುರು ಇದನ್ನು ಹಿಡಿಯುವ ಧೈರ್ಯ ಯಾರಿಗಿದೆ ಅನ್ನಿಸುತ್ತದೆ.

ನಾವು ಹೆಚ್ಚು ಒದ್ದಾಡಿದ್ದೂ ಪದಗಳ ಜೊತೆಗೇ. ಕನ್ನಡದಲ್ಲಿ ಕ್ರೈಸ್ತರಿಗೆ ಎರಡು ನುಡಿ. ಸಂತ ಫಿಲೋಮಿನಾ ಚರ್ಚಿಗೆ ಹೋಗುವ ಕ್ಯಾಥೋಲಿಕರಿಗೆ ಪವಿತ್ರಾತ್ಮ, ಶುಭಸಂದೇಶ, ವಿಶ್ವಾಸ. ಪ್ರೊಟೆಸ್ಟೆಂಟರಾದ ನಮಗೆ ಪರಿಶುದ್ಧಾತ್ಮ, ಸುವಾರ್ತೆ, ನಂಬಿಕೆ. ಇವೆರಡರ ಹೊರಗೆ ನಿಂತವನಿಗೆ ಪ್ರಸಂಗ ಅಂದರೆ ಯಕ್ಷಗಾನ, ಸಭೆ ಅಂದರೆ ಮೀಟಿಂಗು. ‘ನೀತಿವಂತ’ ಎಂಬ ಪದ ನನ್ನನ್ನು ಆರು ತಿಂಗಳು ಕಾಡಿತು. ದೇವರು ಪಾಪಿಯನ್ನು ನೀತಿವಂತನೆಂದು ನಿರ್ಣಯಿಸುತ್ತಾನೆ ಎನ್ನುವುದು ನಮ್ಮ ಬೋಧನೆಯ ತಿರುಳು. ಆ ಅಧ್ಯಾಯದ ಕರಡನ್ನು ಮದ್ದೂರು ಕಡೆಯ ಹಿರಿಯರೊಬ್ಬರಿಗೆ ಓದಿ ಹೇಳಿದೆ. ಕಬ್ಬು ಬೆಳೆಯುವವರು. ‘ನೀತಿವಂತ ಅಂದ್ರೆ ಒಳ್ಳೇ ಮನ್ಸ ತಾನೆ? ಒಳ್ಳೇವ್ನ ಒಳ್ಳೇವ್ನು ಅನ್ನಕ್ಕೆ ದೇವ್ರೇ ಬರ್ಬೇಕಾ?’ ಅಂದರು. ನನ್ನ ಬಾಯಿ ಕಟ್ಟಿತು.

‘ಖುಲಾಸೆ’ ಹಾಕಿ ನೋಡಿದೆ. ಕೋರ್ಟಿನ ಪದ, ಹಳ್ಳಿಗೂ ಗೊತ್ತು. ಆದರೆ ಖುಲಾಸೆ ಆದವನು ಬರಿಗೈಯಲ್ಲಿ ಮನೆಗೆ ಹೋಗುತ್ತಾನೆ. ಇಲ್ಲಿ ಕ್ರಿಸ್ತನ ನೀತಿ ಇವನ ಹೆಸರಿಗೆ ಜಮಾ ಆಗಬೇಕು. ಸತ್ಯವೇದದಲ್ಲೇ, ಅಂದರೆ ಬೈಬಲಿನಲ್ಲೇ, ‘ಎಣಿಸು’ ಎಂಬ ಮಾತು ಇದೆ, ಅದನ್ನೇ ಹಿಡಿದೆ. ಸೊಸೈಟಿ ಪುಸ್ತಕದಲ್ಲಿ ಸಾಲ ಹೊಡೆದುಹಾಕುವುದು ಒಂದು, ಇನ್ನೊಬ್ಬರ ದುಡ್ಡನ್ನು ನಿಮ್ಮ ಲೆಕ್ಕಕ್ಕೆ ಬರೆಯುವುದು ಇನ್ನೊಂದು ಎಂದು ಅಡಿಟಿಪ್ಪಣಿ ಕೊಟ್ಟೆ. ‘ನೀತಿವಂತ’ ಎಂಬುದನ್ನು ಮಾತ್ರ ತೆಗೆಯಲಿಲ್ಲ. ನಾಲ್ಕು ತಲೆಮಾರು ಬಾಯಿಪಾಠ ಮಾಡಿದ ಪದ. ಕಿತ್ತರೆ ಸತ್ಯವೇದಕ್ಕೂ ನಮ್ಮ ಪುಸ್ತಕಕ್ಕೂ ನಡುವಿನ ದಾರಿ ಕಡಿದುಹೋಗುತ್ತದೆ. ಅಡಿಟಿಪ್ಪಣಿ ಕೇಳಿಸಿಕೊಂಡ ಹಿರಿಯರು ‘ಸಾಲ ಹೊಡೆದಾಕದು ಸರಿ, ಜಮಾ ಮಾಡೋ ಸೊಸೈಟಿ ಎಲ್ಲದೆ ಹೇಳು’ ಅಂತ ನಕ್ಕರು. ಅರ್ಥವಾಗಿತ್ತು.

ಮಾರಾಟದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಅಂಗಡಿಯವರು ನೂರಕ್ಕೆ ನಲವತ್ತು ಕಮಿಷನ್ ಕೇಳುತ್ತಾರೆ, ದುಡ್ಡು ವರ್ಷದ ಮೇಲೆ ಕೊಡುತ್ತಾರೆ. ಲಂಡನ್ನಿನಲ್ಲಿ 1799ರಲ್ಲಿ ಹುಟ್ಟಿದ ರಿಲಿಜಸ್ ಟ್ರ್ಯಾಕ್ಟ್ ಸೊಸೈಟಿ ದೂರದೇಶದ ಮಿಷನ್ನುಗಳಿಗೆ ಕಾಗದವನ್ನೇ ದಾನ ಕಳಿಸುತ್ತಿತ್ತಂತೆ. ನಮಗೆ ಅಂಥ ಪುಣ್ಯಾತ್ಮರಿಲ್ಲ. 1954ರ ಕಾಯ್ದೆಯ ಪ್ರಕಾರ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಕೆಲವಕ್ಕೂ ಪ್ರತಿಗಳನ್ನು ನಮ್ಮ ಖರ್ಚಿನಲ್ಲೇ ಕಳಿಸಬೇಕು, ಕಳಿಸುತ್ತೇವೆ. ನಿಜವಾದ ವ್ಯಾಪಾರ ಚರ್ಚುಗಳ ಸುಗ್ಗಿ ಹಬ್ಬದಲ್ಲಿ. ಮಂಡ್ಯ ಕಡೆಯ ಸಭೆಗಳಲ್ಲಿ ಆರಾಧನೆ ಮುಗಿದ ಮೇಲೆ ಜನ ಕಾಣಿಕೆ ತಂದದ್ದರ ಹರಾಜು. ಬೆಲ್ಲದ ಅಚ್ಚು, ಕುಂಬಳಕಾಯಿ, ಕೋಳಿ. ಪಕ್ಕದಲ್ಲಿ ನಮ್ಮ ಮೇಜು. ಒಂದು ವರ್ಷ ಅಜ್ಜಿಯೊಬ್ಬರು ಪುಸ್ತಕವನ್ನು ಕಣ್ಣಿಗೆ ಹತ್ತಿರ ತಂದು, ದೂರ ಹಿಡಿದು, ಮತ್ತೆ ಮೇಜಿಗೇ ಇಟ್ಟು ‘ಇರುವೆ ಸಾಲು ಹಂಗದೆ ಕಣಪ್ಪ’ ಅಂದು ಬೆಲ್ಲದ ಕಡೆ ಹೋದರು. ಮುಂದಿನ ಪುಸ್ತಕಕ್ಕೆ ಅಕ್ಷರ ದಪ್ಪ ಮಾಡಿದೆವು. ಎರಡು ಫಾರಂ ಹೆಚ್ಚಾಯಿತು, ಬೆಲೆಯೂ ಏರಿತು. ಆದರೂ ಅದೇ ಬೇಗ ಖಾಲಿಯಾಯಿತು.

ಈಗ ಎಲ್ಲ ಯೂನಿಕೋಡಿನಲ್ಲೇ. ಪ್ರೆಸ್ಸಿಗೆ ಪಿಡಿಎಫ್ ಬಿಟ್ಟು ಬೇರೇನೂ ಹೋಗುವುದಿಲ್ಲ. ಹಾಗಿದ್ದರೂ ಬೈಂಡರ್ ಸಾಹೇಬರು ಪ್ರತಿ ಫಾರಂ ಮಡಚುವ ಮುಂಚೆ ಬೆರಳಿಟ್ಟು ಒಂದು ಪದ ಹುಡುಕುತ್ತಾರೆ. ಕಳೆದ ಪುಸ್ತಕದ ನಾಲ್ಕನೇ ಫಾರಂ ಹೊತ್ತಿಗೆ ಫೋನ್ ಬಂತು.

‘ಸಾರ್, ನಿಮ್ಮ ಕರ್ತನು ಸರಿಯಾಗಿದ್ದಾನೆ. ಆದ್ರೆ ಪುಟ 57 ಎರಡು ಸಲ ಬಂದಿದೆ.’

ಹೋಗಿ ನೋಡಿದೆ. ಬಂದಿತ್ತು.