ಚಿಟಿಕೆ ಲೆಕ್ಕ ಬಿಡಿ, ಮೆಂತ್ಯ ಅಳೆದು ಹಾಕಿ

ದೋಸೆಗೆ ನೆನೆಹಾಕುವಾಗ ಮೆಂತ್ಯವನ್ನು ಡಬ್ಬಿಯಿಂದ ಹಾಗೇ ಸುರಿಯಬೇಡಿ ಅಂತ ಹೇಳಿ ಹೇಳಿ ನನಗೆ ಸಾಕಾಗಿದೆ. ಮನೇಲಿರೋದು ಇಬ್ಬರು, ನೆನೆಹಾಕೋದು ಒಂದು ಪಾವು ಅಕ್ಕಿ. ಅದಕ್ಕೆ ಗೋಪುರದ ಹಾಗೆ ತುಂಬಿದ ದೊಡ್ಡ ಚಮಚ ಮೆಂತ್ಯ! ಆಮೇಲೆ ದೋಸೆ ಕಹಿ, ಗರಿಯಾಗಲಿಲ್ಲ ಅಂತ ಫೋನು. ದಾವಣಗೆರೆಯಲ್ಲಿ ಹುಟ್ಟಿ ಬೆಣ್ಣೆ ದೋಸೆ ಕೆಡಿಸಿದರೆ ಸಿಟ್ಟು ಬರಲ್ವಾ?

ಅಕ್ಕಿ, ಉದ್ದು, ಮಂಡಕ್ಕಿ ಒಂಚೂರು ಹೆಚ್ಚುಕಮ್ಮಿ ಆದರೂ ನಡೆಯುತ್ತದೆ. ಮೆಂತ್ಯ ಹಾಗಲ್ಲ. ಸೇರುಗಟ್ಟಲೆ ರುಬ್ಬುವಾಗ ಅರ್ಧ ಚಮಚ ಜಾಸ್ತಿ ಬಿದ್ದರೆ ಗೊತ್ತಾಗುವುದಿಲ್ಲ, ಪಾವಿನ ಹಿಟ್ಟಿನಲ್ಲಿ ನಾಲಿಗೆ ಹಿಡಿದುಬಿಡುತ್ತದೆ. ಡಿಜಿಟಲ್ ತಕ್ಕಡಿ ಇದೆಯಲ್ಲ ಅಂತೀರಿ. ಒಂದೊಂದೇ ಗ್ರಾಂ ಜಿಗಿಯುವ ತಕ್ಕಡಿಯಲ್ಲಿ ನಾಲ್ಕೈದು ಗ್ರಾಂ ಮೆಂತ್ಯ ಏನು ತೂಗುತ್ತೀರಿ?

ನಮ್ಮತ್ತೆ ಮಾಡುತ್ತಿದ್ದದ್ದು ಕೇಳಿ. ಹುಳಿ ಆಗದ ಮಾವನವರಿಗೆ ಅಂತ ಒರಳಿನಲ್ಲಿ ಬೇರೆಯೇ ಒಂದು ಪಾವು ರುಬ್ಬುತ್ತಿದ್ದರು. ಮೊದಲು ಒಂದು ಸೇರು ಅಕ್ಕಿಗೆ ಬೇಕಾಗುವಷ್ಟು ಮೆಂತ್ಯ, ಅಂದರೆ ಅಂಗೈ ಗುಳಿ ತುಂಬುವಷ್ಟು. ರಾಶಿ ಏರಬಾರದು. ಅಗಲ ತಟ್ಟೆಗೆ ಹಾಕಿ, ಚಾಕುವಿನ ಬೆನ್ನಿನಿಂದ ಒಂದೇ ದಪ್ಪಕ್ಕೆ ಚೌಕವಾಗಿ ಹರಡಿ. ಗುಡ್ಡೆಯನ್ನೇ ಸೀಳಿದರೆ ದಪ್ಪ ಕಾಳೆಲ್ಲ ಒಂದು ಕಡೆ ಉರುಳುತ್ತದೆ, ಪಾಲು ಸರಿ ಬರುವುದಿಲ್ಲ. ಈಗ ನಡುವೆ ಗೆರೆ ಎಳೆಯಿರಿ. ಒಂದೊಂದು ಪಾಲು ಅಚ್ಚೇರಿಗೆ ಆಯಿತು. ಅದನ್ನು ಮತ್ತೆ ಸೀಳಿದರೆ ಪಾವಿಗೆ, ಇನ್ನೊಮ್ಮೆ ಸೀಳಿದರೆ ಅರೆಪಾವಿಗೆ. ಪ್ರತಿ ಸಲ ಬಗ್ಗಿ ಎರಡೂ ಪಾಲು ನೋಡಿ, ಹೆಚ್ಚಿದ್ದ ಕಡೆಯಿಂದ ಚಾಕುವಿನ ತುದಿಯಲ್ಲಿ ನಾಲ್ಕು ಕಾಳು ಆಚೆ ತಳ್ಳಿ. ಅವಸರ ಮಾಡಬೇಡಿ. ಒಂದನ್ನು ನೆನೆಹಾಕಿ, ಉಳಿದವನ್ನು ಪೇಪರಿನಲ್ಲಿ ಪೊಟ್ಟಣ ಕಟ್ಟಿ ಡಬ್ಬಿಯಲ್ಲಿಡಿ. ಮುಂದಿನ ಸಲ ಅಳೆಯುವ ಕೆಲಸವೇ ಇಲ್ಲ.

ಡಬ್ಬಿಗೆ ಒದ್ದೆ ಕೈ ಹಾಕಬೇಡಿ. ಹಾಗೇ ದೋಸೆ ಹಂಚಿಗೆ ಸೋಪು ಹಾಕಿ ತಿಕ್ಕುವ ಚಾಳಿಯನ್ನೂ ಬಿಡಿ. ಬಟ್ಟೆಯಲ್ಲಿ ಒರೆಸಿ ಎಣ್ಣೆ ಸವರಿಟ್ಟರೆ ಸಾಕು, ಇಲ್ಲದಿದ್ದರೆ ಮೆಂತ್ಯ ಸರಿಯಿದ್ದರೂ ದೋಸೆ ಏಳುವುದಿಲ್ಲ.

ಮೆಂತ್ಯ ಉದ್ದಿನ ಜೊತೆ ನೆನೆಯಲಿ. ಮಂಡಕ್ಕಿಯನ್ನು ರುಬ್ಬುವ ಮುಂಚೆ ತೊಳೆದು ಹಿಂಡಿ ಸೇರಿಸಿ. ನಮ್ಮೂರ ಬೇಸಿಗೆಗೆ ಹಿಟ್ಟು ಬೆಳಗಾಗುವ ಮೊದಲೇ ಉಕ್ಕುತ್ತದೆ, ಪಾತ್ರೆ ದೊಡ್ಡದೇ ಇರಲಿ.