ಅವ್ವನ ಎರಡು ಹೆಸರು

ಅವ್ವನಿಗೆ ಎರಡು ಹೆಸರು. ಒಂದು ತವರಿನದು, ಮೂರಕ್ಷರ. ಇನ್ನೊಂದು ಮದುವೆಯ ದಿನ ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಅಪ್ಪ ಉಂಗುರದಿಂದ ಬರೆದದ್ದು. ನಮ್ಮ ಧಾರವಾಡದ ಕಡೆ ಆ ತಲೆಮಾರಿನ ಎಷ್ಟೋ ಮನೆಗಳಲ್ಲಿ ಹೀಗೇ. ಶಾಲೆಯ ದಾಖಲೆಯಲ್ಲಿ ಒಬ್ಬಳು, ರೇಶನ್ ಕಾರ್ಡಿನಲ್ಲಿ ಇನ್ನೊಬ್ಬಳು. ಅವ್ವನ ಭಾವಚಿತ್ರ ಮಾಡೋಣ ಅಂತ ಕೂತಾಗ ಮೊದಲು ಕಾಡಿದ್ದು ಈ ಹೆಸರುಗಳೇ.

ಮದುವೆಯಾದ ಹೊಸದರಲ್ಲಿ ಸ್ಟುಡಿಯೋದಲ್ಲಿ ತೆಗೆಸಿದ ಒಂದು ಕಪ್ಪು-ಬಿಳುಪು ಫೋಟೊ ಇತ್ತು. ನೆಟ್ಟಗೆ ಕೂತಿದ್ದಾಳೆ, ಕೈ ಮಡಿಲಲ್ಲಿ. ಹೇಗೆ ಕೂರಬೇಕು ಅಂತ ಯಾರೋ ಹೇಳಿಕೊಟ್ಟದ್ದು ಕಾಣುತ್ತದೆ. ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ರಿಂದ 2004ರವರೆಗೆ ಮಾಡಿದ ಫೋಟೊ ಸರಣಿ ಆಗ ನೆನಪಾಯಿತು. ಅದರಲ್ಲಿ ಅವರು ತಾವೇ ರವಿವರ್ಮನ ಲಕ್ಷ್ಮಿಯ ವೇಷ ಹಾಕಿ ನಿಲ್ಲುತ್ತಾರೆ. ಹೆಣ್ಣು ಹೇಗೆ ಕಾಣಬೇಕು ಅಂತ ಚಿತ್ರ ಮಾಡುವವರು ಮೊದಲೇ ಗೊತ್ತುಮಾಡಿರುತ್ತಾರೆ ಅಲ್ವಾ? ನನಗೆ ಅದು ಕಣ್ಣಿಗೆ ಬಿದ್ದದ್ದು ಆ ಫೋಟೊಗಳಿಂದಲೇ.

ಫೋಟೊವನ್ನು ದೊಡ್ಡದು ಮಾಡಿ ಲೇಸರ್ ಪ್ರಿಂಟ್ ತೆಗೆಸಿದೆ. ಇಂಕ್‌ಜೆಟ್ ಆದರೆ ನೀರು ತಾಗಿದಾಗ ಬಣ್ಣ ಹರಡುತ್ತದೆ. ಬಿಳಿ ಖಾದಿಗೆ ಅಂಟಿನ ಥರದ ಅಕ್ರಿಲಿಕ್ ಮೀಡಿಯಂ ಬಳಿದು, ಪ್ರಿಂಟನ್ನು ಬೋರಲು ಅಂಟಿಸಿ, ರಾತ್ರಿಯಿಡೀ ಒಣಗಲು ಬಿಟ್ಟೆ. ಬೆಳಗ್ಗೆ ಒದ್ದೆ ಬೆರಳಿನಿಂದ ಮೆಲ್ಲಗೆ ಉಜ್ಜಿದರೆ ಕಾಗದ ಸುರುಳಿ ಸುರುಳಿಯಾಗಿ ಎದ್ದು ಬಂತು, ಮುಖ ಬಟ್ಟೆಯಲ್ಲಿ ಉಳಿಯಿತು. ಆದರೆ ಬಲಗಡೆಯ ಮೂಗುತಿ ಎಡಗಡೆಗೆ ಹೋಗಿತ್ತು! ಈ ವಿಧಾನದಲ್ಲಿ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ, ಪ್ರಿಂಟ್ ತೆಗೆಸುವಾಗಲೇ ತಿರುಗಿಸಿಕೊಳ್ಳಬೇಕಿತ್ತು. ಮೂಗುತಿ ಅದಲುಬದಲಾದರೆ ಅದು ಅವ್ವ ಆಗುವುದಿಲ್ಲ. ಎಲ್ಲ ಮತ್ತೆ ಮೊದಲಿಂದ ಮಾಡಿದೆ. ನೆರಳುಗಳನ್ನು ಇದ್ದಿಲಿನಿಂದ ಗಾಢ ಮಾಡಿದೆ.

ಮುಖದ ಕೆಳಗೆ ಅವಳ ಹಳೆಯ ಇಳಕಲ್ ಸೀರೆಯ ತುಂಡು ಹೊಲಿದೆ. ಅದರ ಮೇಲೆ ಬಿಳಿ ದಾರದಲ್ಲಿ ಕಸೂತಿಯ ಗಾವಂತಿ ಹೊಲಿಗೆಯಿಂದ ಎರಡೂ ಹೆಸರು. ಗಾವಂತಿಯಲ್ಲಿ ಗಂಟು ಹಾಕುವುದಿಲ್ಲ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಅದೇ ದಾರಿಯಲ್ಲಿ ಬರುವಾಗ ಬಿಟ್ಟ ಜಾಗ ತುಂಬಬೇಕು. ಮುಗಿದಾಗ ಹಿಂದೆ, ಮುಂದೆ ಒಂದೇ ಥರ ಗೆರೆ. ಎಳೆ ಎಣಿಸಿ ಹಾಕುವ ಹೊಲಿಗೆಗೆ ಕನ್ನಡದ ದುಂಡು ಅಕ್ಷರ ಸುಲಭಕ್ಕೆ ಒಗ್ಗುವುದಿಲ್ಲ. ಪ್ರತಿ ತಿರುವನ್ನೂ ಮೆಟ್ಟಿಲು ಮೆಟ್ಟಿಲಾಗಿ ಒಡೆಯಬೇಕಾಯಿತು. ಚೌಕುಳಿ ಕಾಗದದಲ್ಲಿ ಬರೆದುಕೊಳ್ಳುವುದಕ್ಕೇ ಜಾಸ್ತಿ ದಿನ ಹಿಡಿಯಿತು.

ಗಂಡನ ಮನೆಯ ಹೆಸರನ್ನು ಪೂರ್ತಿ ಹೊಲಿದೆ. ತವರಿನ ಹೆಸರಿಗೆ ಹೋಗುವ ಹೊಲಿಗೆ ಮಾತ್ರ ಹಾಕಿ ನಿಲ್ಲಿಸಿದೆ. ಮುಂದಿನಿಂದ ತುಂಡು ತುಂಡು ಗೆರೆ. ಉಳಿದ ತುಂಡುಗಳು ಹಿಂಬದಿಯಲ್ಲಿ ಇರುತ್ತವೆ. ಅದು ಕಾಣಲಿ ಅಂತಲೇ ಚೌಕಟ್ಟಿನ ಹಿಂದೆ ಹಲಗೆ ಹಾಕಲಿಲ್ಲ.

ಅವ್ವ ಬಂದು ನೋಡಿದಳು. ಮುಖದ ಬಗ್ಗೆ ಏನೂ ಅನ್ನಲಿಲ್ಲ. ಹೆಸರಿನ ಮೇಲೆ ಬೆರಳಾಡಿಸಿ, "ಇದನ್ನ್ಯಾಕ ಅರ್ಧಕ್ಕ ಬಿಟ್ಟೀ? ಬರೇ ಹೋಗೂ ದಾರಿ ಆತು, ಬರೂ ದಾರಿ ಎಲ್ಲೈತಿ?" ಅಂದಳು. ಯಾಕೆ ಅಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದಳು. ಆಮೇಲೆ ಸೂಜಿ ಕೇಳಿ ಇಸಿದುಕೊಂಡು, ಎಳೆ ಎಣಿಸುತ್ತಾ ಮೊದಲ ಅಕ್ಷರ ತುಂಬಿದಳು. ಅಷ್ಟರಲ್ಲಿ ಬೆಳಕು ಹೋಯಿತು. ಇನ್ನೆರಡು ಅಕ್ಷರ ಹಾಗೇ ಇವೆ. ದೀಪಾವಳಿಗೆ ಊರಿಗೆ ಹೋಗುವಾಗ ಚೌಕಟ್ಟನ್ನೂ ಜೊತೆಗೆ ಒಯ್ಯುತ್ತೇನೆ.