ದೊಡ್ಡ ಟೀವಿನೇ ಗೇಮಿಂಗ್ ಮಾನಿಟರ್ ಮಾಡ್ಕೊಳ್ಳೋದು ಹೇಗೆ
ಮೊದ್ಲು ಟೀವಿಯಿಂದ ಬರೋ ಎಚ್‌ಡಿಎಂಐ ಕೇಬಲ್ಲನ್ನ ಕಂಪ್ಯೂಟರಿನ ಮದರ್‌ಬೋರ್ಡ್‌ಗಲ್ಲ, ಗ್ರಾಫಿಕ್ಸ್ ಕಾರ್ಡ್‌ಗೇ ಸಿಕ್ಕಿಸಿ, ನಾನೂ ಒಂದ್ಸಲ ತಪ್ಪು ಕಡೆ ಹಾಕಿ ಅರ್ಧ ದಿನ ತಲೆ ಕೆರ್ಕೊಂಡಿದ್ದೆ. 4ಕೆ ರೆಸಲ್ಯೂಶನ್ನಲ್ಲಿ 120 ಹರ್ಟ್ಸ್ (ಅಂದ್ರೆ ಸೆಕೆಂಡಿಗೆ 120 ಸಲ ಚಿತ್ರ ಬದಲಾಗೋದು) ಬೇಕಂದ್ರೆ ಟೀವಿ, ಕಾರ್ಡು ಎರಡ್ರಲ್ಲೂ ಎಚ್‌ಡಿಎಂಐ 2.1 ಪೋರ್ಟ್ ಇರ್ಬೇಕು, 2.0 ಆದ್ರೆ 4ಕೆ 60ಕ್ಕೇ ಸುಸ್ತು. ಎಷ್ಟೋ ಟೀವೀಲಿ ಎಲ್ಲಾ ಪೋರ್ಟೂ 2.1 ಇರಲ್ಲ, ಪಕ್ಕದಲ್ಲಿ ಏನ್ ಬರ್ದಿದೆ ನೋಡಿ. ಗೇಮ್ ಮೋಡ್ ಅಂತೂ ಆನ್ ಮಾಡ್ಲೇಬೇಕು, ಇಲ್ಲಾಂದ್ರೆ ಟೀವಿ ಚಿತ್ರಾನ ಸಿಂಗಾರ ಮಾಡ್ತಾ ಕೂರತ್ತೆ, ನೀವು ಮೌಸ್ ಅಲ್ಲಾಡ್ಸಿದ್ದು ಲೇಟಾಗಿ ಕಾಣತ್ತೆ, ಶೂಟಿಂಗ್ ಗೇಮಲ್ಲಿ ಅಷ್ಟೊತ್ತಿಗೆ ನೀವು ಢಮಾರ್. ಅಕ್ಷರ ಮಸುಕಾಗಿದ್ರೆ ಎಲ್‌ಜಿ, ಸ್ಯಾಮ್‌ಸಂಗ್‌ನಲ್ಲಿ ಆ ಇನ್‌ಪುಟ್ಟನ್ನ ಪಿಸಿ ಅಂತ ಬದ್ಲಾಯ್ಸಿ ನೋಡಿ. ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್ಸಲ್ಲಿ 120 ಹರ್ಟ್ಸ್ ಸೆಲೆಕ್ಟ್ ಆಗಿದ್ಯಾ ಚೆಕ್ ಮಾಡಿ. ಓಎಲ್‌ಇಡಿ ಆದ್ರೆ ಟಾಸ್ಕ್‌ಬಾರ್ ಹೈಡ್ ಮಾಡಿ, ಇಲ್ಲಾಂದ್ರೆ ಸದಾ ಒಂದೇ ಕಡೆ ಇರೋ ಅದರ ಅಚ್ಚು ಪರದೆ ಮೇಲೆ ಉಳ್ಕೊಂಡ್ಬಿಡಬಹುದು.